ಲೆಕ್ಕದ ಪುಸ್ತಕದೊಳಗಿನ ಮನುಷ್ಯರು

ಓದುಗರ ಪ್ರಶ್ನೆ, ಇತಿಹಾಸದ ಮೇಡಂ ಉತ್ತರ

ಹೋದ ತಿಂಗಳು ಈ ಅಂಕಣದಲ್ಲಿ ಗುಲಾಮಗಿರಿಯ ಮೂಲ ದಾಖಲೆಗಳನ್ನು ಓದುವುದು ಹೇಗೆ ಅಂತ ಒಂದು ಸಣ್ಣ ಉತ್ತರ ಬರೆದಿದ್ದೆ. ಮೂಲ ದಾಖಲೆ ಅಂದರೆ ಆ ಕಾಲದಲ್ಲೇ ಹುಟ್ಟಿದ ಕಾಗದ. ಮಾರಾಟದ ಚೀಟಿ, ಹಡಗಿನ ಲೆಕ್ಕ, ಕೋರ್ಟಿನ ಕಡತ, ಪತ್ರ. ಇಲ್ಲವೇ ಆ ಬದುಕು ಬದುಕಿದವರೇ ಹೇಳಿದ ಮಾತು. ಮಂಡ್ಯ, ಮೈಸೂರು ಕಡೆಯಿಂದ ಇದಕ್ಕೆ ಬಂದಷ್ಟು ಪತ್ರ ಬೇರೆ ಯಾವ ವಿಷಯಕ್ಕೂ ಬಂದಿಲ್ಲ. ಅದಕ್ಕೇ ಈ ಸಲ ಇಡೀ ಅಂಕಣ ಇದಕ್ಕೆ. ಕೆಲವು ಪತ್ರಗಳಲ್ಲಿ ಊರಿನವರ ಹೆಸರುಗಳಿದ್ದವು. ಅವನ್ನು ಇಲ್ಲಿ ತೆಗೆದಿದ್ದೇನೆ.

ಮದ್ದೂರು ತಾಲ್ಲೂಕಿನ ಪ್ರೌಢಶಾಲೆಯ ಶಿಕ್ಷಕಿ: ಮೇಡಂ, ಒಂಬತ್ತನೇ ಕ್ಲಾಸಿಗೆ ಅಮೆರಿಕದ ಗುಲಾಮಗಿರಿ ಬಗ್ಗೆ ಹೇಳುತ್ತಿದ್ದೆ. ಮಕ್ಕಳಿಗೆ ಆ ನೋವು ತಟ್ಟಲಿ ಅಂತ, "ನೀನೊಬ್ಬ ಗುಲಾಮ, ನಿನ್ನ ಒಂದು ದಿನದ ದಿನಚರಿ ಬರಿ" ಅಂದೆ. ಮುಕ್ಕಾಲು ಪಾಲು ಮಕ್ಕಳು ಸಿನಿಮಾ ಥರ ಬರೆದರು. ಚಾಟಿ, ರಕ್ತ, ಕೊನೆಗೆ ಸೇಡು. ಒಬ್ಬ ಹುಡುಗ ಮಾತ್ರ ಖಾಲಿ ಹಾಳೆ ಕೊಟ್ಟ. ಅವನ ತಾತ ಇದೇ ಊರಲ್ಲಿ ಜೀತಕ್ಕಿದ್ದವರು ಅಂತ ಆಮೇಲೆ ಗೊತ್ತಾಯಿತು. ಇನ್ನು ಈ ಪಾಠ ಹೇಗೆ ಮಾಡಲಿ?

ಮೊದಲು ಆ ಹುಡುಗನ ವಿಷಯ. ಖಾಲಿ ಹಾಳೆಗೆ ದಯವಿಟ್ಟು ಮಾರ್ಕ್ಸ್ ಕಳೆಯಬೇಡಿ. ಎಲ್ಲರ ಮುಂದೆ ನಿಲ್ಲಿಸಿ "ನಿಮ್ಮ ತಾತನ ಕಥೆ ಹೇಳಪ್ಪ" ಅಂತಲೂ ಕೇಳಬೇಡಿ. ಹೇಳಬೇಕು ಅನ್ನಿಸಿದ ದಿನ ಅವನೇ ಹೇಳುತ್ತಾನೆ. ಅನ್ನಿಸದಿದ್ದರೆ ಅದೂ ಅವನ ಹಕ್ಕು.

ದಿನಚರಿ ಬರೆಸುವ ಪಾಠ ಎಷ್ಟೋ ಶಾಲೆಗಳಲ್ಲಿ ನಡೆಯುತ್ತದೆ. ಉದ್ದೇಶ ಒಳ್ಳೆಯದೇ. ಆದರೆ ಹದಿನಾಲ್ಕು ವರ್ಷದ ಮಗುವಿಗೆ ಆ ಬದುಕಿನ ಬಗ್ಗೆ ಏನು ಗೊತ್ತು? ತೆರೆಯ ಮೇಲೆ ನೋಡಿದ ಚಾಟಿ ಗೊತ್ತು. ಅದನ್ನೇ ಬರೆಯುತ್ತದೆ. ಗುಲಾಮಗಿರಿ ಅಂದರೆ ಹೊಡೆತ ಅಂತ ಕಲಿತುಬಿಡುತ್ತದೆ. ಹಾಗೆ ಕಲಿತರೆ, ಹೊಡೆಯದ ಒಡೆಯ ಒಳ್ಳೆಯವನು ಅನ್ನುವ ಮಾತು ತಾನಾಗೇ ಹಿಂದೆ ಬರುತ್ತದೆ. ಇದು ನನಗೆ ತುಂಬಾ ಹೆದರಿಕೆ ಹುಟ್ಟಿಸುವ ಪಾಠ.

ಮುಂದಿನ ಸಲ ಒಂದೇ ಒಂದು ಕಾಗದ ಕೊಡಿ. ನಾನು ಮಂಡ್ಯದಲ್ಲಿ ಕಾಲೇಜು ಮಕ್ಕಳಿಗೆ ಪಾಠ ಮಾಡುವಾಗ 1835ರ ಒಂದು ಪತ್ರಿಕಾ ಜಾಹೀರಾತು ಕೊಡುತ್ತಿದ್ದೆ. ನಾರ್ತ್ ಕ್ಯಾರೊಲಿನಾದ ಈಡೆಂಟನ್ ಅನ್ನುವ ಊರಿನ ಡಾಕ್ಟರ್ ಜೇಮ್ಸ್ ನಾರ್ಕಮ್ ಹಾಕಿಸಿದ್ದು. ತನ್ನ ಮನೆಯ ಹ್ಯಾರಿಯೆಟ್ ಓಡಿಹೋಗಿದ್ದಾಳೆ, ಹಿಡಿದುಕೊಟ್ಟವರಿಗೆ 100 ಡಾಲರ್ ಬಹುಮಾನ. ವಯಸ್ಸು 21. ಎತ್ತರ ಸುಮಾರು 5 ಅಡಿ 4 ಅಂಗುಲ. ದಟ್ಟವಾದ ಗುಂಗುರು ಕೂದಲು, ಬಾಚಿದರೆ ಸುಲಭವಾಗಿ ನೆಟ್ಟಗಾಗುತ್ತದೆ. ಸರಾಗವಾಗಿ ಮಾತಾಡುತ್ತಾಳೆ, ನಡೆನುಡಿ ಚೆನ್ನಾಗಿದೆ. ಹೊಲಿಗೆಯಲ್ಲಿ ಪಳಗಿದವಳು, ಒಳ್ಳೆಯ ಬಟ್ಟೆ ಹಾಕಿ ಅಭ್ಯಾಸ. ಗೊತ್ತಿರುವ ಯಾವ ಕಾರಣವೂ ಇಲ್ಲದೆ ಓಡಿದ್ದಾಳೆ, ಬಹುಶಃ ಉತ್ತರದ ರಾಜ್ಯಗಳಿಗೆ ಹೋಗುವ ಉದ್ದೇಶ ಇರಬೇಕು.

ಇದನ್ನು ಗಟ್ಟಿಯಾಗಿ ಓದಿಸಿ. ಆಮೇಲೆ ಮಕ್ಕಳನ್ನು ಕೇಳಿ. ಇದಕ್ಕೆ ದುಡ್ಡು ಕೊಟ್ಟವರು ಯಾರು? ಯಾರು ಓದಲಿ ಅಂತ ಹಾಕಿಸಿದ್ದು? ಒಡೆಯ ಬೇಡ ಅಂದರೂ ಅವಳ ಬಗ್ಗೆ ಏನೇನು ಹೇಳಿಬಿಟ್ಟಿದ್ದಾನೆ? ಮಕ್ಕಳು ತಾವೇ ಹುಡುಕುತ್ತಾರೆ. ಅವಳಿಗೆ ಒಂದು ಕಸುಬು ಬರುತ್ತಿತ್ತು. ನಾಲ್ಕು ಜನರ ಮುಂದೆ ಮಾತಾಡುವ ಧೈರ್ಯ ಇತ್ತು. ಎಲ್ಲಿಗೆ ಹೋದರೆ ಬಿಡುಗಡೆ ಅಂತ ಗೊತ್ತಿತ್ತು. ಹಿಡಿಯಲು ಬೇಕಾದ ಗುರುತು ಹೇಳಲು ಹೋಗಿ, ಒಡೆಯನೇ ಅವಳನ್ನು ಒಬ್ಬ ಪೂರ್ತಿ ಮನುಷ್ಯಳಾಗಿ ಬರೆದಿಟ್ಟಿದ್ದಾನೆ.

ಕೊನೆಗೆ "ಯಾವ ಕಾರಣವೂ ಇಲ್ಲದೆ" ಅನ್ನುವ ಕಡೆ ಬೆರಳಿಟ್ಟು ನಿಲ್ಲಿಸಿ. ಆಗ ಎರಡನೇ ಕಾಗದ ತೆಗೆಯಿರಿ. ಇದೇ ಹ್ಯಾರಿಯೆಟ್ ಜೇಕಬ್ಸ್ 1861ರಲ್ಲಿ ತನ್ನ ಬದುಕನ್ನು ತಾನೇ ಬರೆದು, ಬೇರೆ ಹೆಸರಲ್ಲಿ ಪ್ರಕಟಿಸಿದಳು. ಆ ಡಾಕ್ಟರ್ ಅವಳು ಎಳೆ ಹುಡುಗಿ ಆಗಿದ್ದಾಗಿನಿಂದ ಕೆಟ್ಟ ಕಣ್ಣಿಟ್ಟು ಕಾಡುತ್ತಿದ್ದ. ಕಾರಣ ಅವನಿಗೆ ಎಲ್ಲರಿಗಿಂತ ಚೆನ್ನಾಗಿ ಗೊತ್ತಿತ್ತು. ಅವನು ಉತ್ತರದ ಕಡೆ ಹುಡುಕುತ್ತಿದ್ದಾಗ ಅವಳು ಅದೇ ಊರಲ್ಲೇ ಇದ್ದಳು. ಅಜ್ಜಿಯ ಮನೆಯ ಸೂರಿನ ಕೆಳಗಿನ ಒಂದು ಸಂದಿಯಲ್ಲಿ ಸುಮಾರು 7 ವರ್ಷ ಅಡಗಿದ್ದಳು. 9 ಅಡಿ ಉದ್ದ, 7 ಅಡಿ ಅಗಲ, ಎತ್ತರ ಹೆಚ್ಚೆಂದರೆ 3 ಅಡಿ. ಅಲ್ಲಿಂದಲೇ ಅವನಿಗೆ ಕಾಗದ ಬರೆದು, ಯಾರದೋ ಕೈಲಿ ನ್ಯೂಯಾರ್ಕಿನಿಂದ ಅಂಚೆಗೆ ಹಾಕಿಸಿದಳು. ಅವನು ದಾರಿ ತಪ್ಪಲಿ ಅಂತ.

ನೆಲದ ಮೇಲೆ ಸೀಮೆಸುಣ್ಣದಲ್ಲಿ ಆ ಅಳತೆ ಎಳೆದು ತೋರಿಸಬಹುದು. ಆದರೆ ಮಕ್ಕಳನ್ನು ಅದರೊಳಗೆ ಮಲಗಿಸಬೇಡಿ. ಅಳತೆ ನೋಡಿದರೆ ಯೋಚನೆ ಬರುತ್ತದೆ. ಮಲಗಿಸಿದರೆ ಅದು ಆಟ ಆಗುತ್ತದೆ, ಐದು ನಿಮಿಷಕ್ಕೆ ನಗು ಶುರುವಾಗುತ್ತದೆ.

ಬರವಣಿಗೆ ಬೇಕೇ ಬೇಕು ಅಂದರೆ, ಅವಳಾಗಿ ಬರೆಸಬೇಡಿ. ಅವಳಿಗೆ ಬರೆಸಿ. "ಹ್ಯಾರಿಯೆಟ್, ನಿನ್ನನ್ನು ಏನು ಕೇಳಬೇಕು ಅನ್ನಿಸುತ್ತೆ?" ಅಂತ. ನನ್ನ ವಿದ್ಯಾರ್ಥಿನಿ ಒಬ್ಬಳು ಬರೆದಿದ್ದಳು: "ನಿನ್ನ ಮಕ್ಕಳು ಕೆಳಗೆ ಆಡುವ ಸದ್ದು ಕೇಳಿಸುತ್ತಿತ್ತಾ? ಕೂಗಬೇಕು ಅನ್ನಿಸಿದಾಗ ಏನು ಮಾಡುತ್ತಿದ್ದೆ?" ಹ್ಯಾರಿಯೆಟ್ ತನ್ನ ಪುಸ್ತಕದಲ್ಲಿ ಇದೇ ಸಂಕಟದ ಬಗ್ಗೆ ಬರೆದಿದ್ದಾಳೆ. ಮಕ್ಕಳ ದನಿ ಕೇಳುತ್ತಿತ್ತು, ಮಾತಾಡಿಸುವ ಹಾಗಿರಲಿಲ್ಲ. ಒಳ್ಳೆಯ ಪ್ರಶ್ನೆ ಕೇಳಿದ ಹುಡುಗಿ ಉತ್ತರ ಹುಡುಕಿಕೊಂಡು ಪುಸ್ತಕದವರೆಗೂ ಹೋದಳು. ದಿನಚರಿ ಬರೆಸಿದ್ದರೆ ಹೋಗುತ್ತಿರಲಿಲ್ಲ ಅಂತ ನನಗನ್ನಿಸುತ್ತದೆ.

ಮಾನಸಗಂಗೋತ್ರಿಯ ಎಂ.ಎ. ವಿದ್ಯಾರ್ಥಿ: ಸಂಶೋಧನೆಯಲ್ಲಿ ಭಾವನೆ ಬೆರೆಸಬಾರದು ಅಂತ ನಮ್ಮ ಅಧ್ಯಾಪಕರು ಹೇಳುತ್ತಾರೆ. ಗುಲಾಮರ ಮೇಲೆ ಮರುಕ ಇಟ್ಟುಕೊಂಡು ದಾಖಲೆ ಓದಿದರೆ ಅದು ಪಕ್ಷಪಾತ ಅಲ್ವಾ?

ಪಕ್ಷಪಾತ ನೀವು ಬರುವ ಮೊದಲೇ ಕಾಗದದಲ್ಲಿ ಕೂತಿದೆ.

ಜಾಂಗ್ ಹಡಗಿನ ಪ್ರಕರಣ ನೋಡಿ. 1781ರಲ್ಲಿ ಅದು ಆಫ್ರಿಕದಿಂದ ಜಮೈಕಾಗೆ ಗುಲಾಮರನ್ನು ತುಂಬಿಕೊಂಡು ಹೋಗುತ್ತಿತ್ತು. ಕುಡಿಯುವ ನೀರು ಸಾಲದು ಅನ್ನುವ ನೆಪ ಹೇಳಿ, ಹಡಗಿನವರು 130ಕ್ಕೂ ಹೆಚ್ಚು ಜನರನ್ನು ಬದುಕಿದ್ದಂತೆಯೇ ಸಮುದ್ರಕ್ಕೆ ಎಸೆದರು. ಲಿವರ್‌ಪೂಲಿನ ಮಾಲೀಕರು ತಲೆಗೆ 30 ಪೌಂಡಿನಂತೆ ವಿಮೆ ಹಣ ಕೇಳಿದರು. 1783ರಲ್ಲಿ ಲಂಡನ್ನಿನ ಕೋರ್ಟಿಗೆ ಬಂದದ್ದು ಕೊಲೆ ಕೇಸಲ್ಲ, ವಿಮೆ ಕೇಸು. ಜೂರಿ ಮಾಲೀಕರ ಪರ ತೀರ್ಪು ಕೊಟ್ಟಿತು. ಕುದುರೆಗಳನ್ನು ಎಸೆದಿದ್ದರೆ ಹೇಗೋ ಹಾಗೇ ಇದು ಅಂತ ಜೂರಿ ಭಾವಿಸಿತು ಎಂದು ಮುಖ್ಯ ನ್ಯಾಯಾಧೀಶ ಮ್ಯಾನ್ಸ್‌ಫೀಲ್ಡ್ ಹೇಳಿದ್ದು ದಾಖಲೆಯಲ್ಲಿದೆ.

ಇದನ್ನು ನೀವು "1783ರ ಒಂದು ವಿಮೆ ವಿವಾದ" ಅಂತ ತಣ್ಣಗೆ ಬರೆದರೆ ತಟಸ್ಥರಾದಂತೆ ಕಾಣುತ್ತದೆ. ಆದರೆ ಆ ಹೆಸರನ್ನು ಇಟ್ಟವರು ಹಡಗಿನ ಮಾಲೀಕರು. ಅವರ ಪಕ್ಕದಲ್ಲಿ ನಿಂತು ಬರೆದಂತಾಯಿತು.

ಇನ್ನೂ ಒಂದು ವಿಷಯ ಗಮನಿಸಿ. ಈ ಸುದ್ದಿಯನ್ನು ಗ್ರ್ಯಾನ್‌ವಿಲ್ ಶಾರ್ಪ್ ಎಂಬ ಹೋರಾಟಗಾರನಿಗೆ ತಲುಪಿಸಿದವನು ಓಲಾಡಾ ಎಕ್ವಿಯಾನೊ. ತಾನೇ ಗುಲಾಮನಾಗಿದ್ದು, ದುಡಿದು ಹಣ ಕೂಡಿಸಿ ಬಿಡುಗಡೆ ಕೊಂಡುಕೊಂಡವನು. ಶಾರ್ಪ್ ಎರಡನೇ ವಿಚಾರಣೆಗೆ ಒಬ್ಬ ಶಾರ್ಟ್‌ಹ್ಯಾಂಡ್ ಬರಹಗಾರನನ್ನು ಕರೆದುಕೊಂಡು ಹೋಗಿ ಮಾತು ಮಾತನ್ನೂ ಬರೆಸಿದ. ಮಳೆ ಬಂದು ನೀರು ಸಿಕ್ಕ ಮೇಲೂ ಜನರನ್ನು ಎಸೆದರು ಅನ್ನುವ ಸಾಕ್ಷ್ಯ ಹೊರಬಂದದ್ದು ಆ ವಿಚಾರಣೆಯಲ್ಲೇ. ಇವತ್ತು ನಾವು ಅದನ್ನು ಇಷ್ಟು ವಿವರವಾಗಿ ಓದಬಹುದಾದರೆ, ಅಂದು ಕರುಳು ಚುರುಕ್ ಅಂದ ಇಬ್ಬರು ಮನುಷ್ಯರಿಂದ. ಮರುಕ ಅವರನ್ನು ಕುರುಡು ಮಾಡಲಿಲ್ಲ. ಮಳೆ ಯಾವಾಗ ಬಂತು ಅಂತ ಕೇಳುವಷ್ಟು ಚುರುಕು ಮಾಡಿತು.

ಆದರೆ ನಿಮ್ಮ ಅಧ್ಯಾಪಕರ ಮಾತಿನಲ್ಲಿ ಹುರುಳಿದೆ. ಮರುಕ ಜಾಸ್ತಿಯಾಗಿ ಇಲ್ಲದ್ದನ್ನು ಸೇರಿಸಿಬಿಡುವ ಅಪಾಯ ನಿಜವಾಗಿಯೂ ಇದೆ. 1850 ಮತ್ತು 1860ರ ಅಮೆರಿಕದ ಜನಗಣತಿಯಲ್ಲಿ ಗುಲಾಮರಿಗೆ ಬೇರೆಯೇ ಪಟ್ಟಿ ಇತ್ತು. ಮೇಲೆ ಒಡೆಯನ ಹೆಸರು. ಕೆಳಗೆ ಸಾಲಾಗಿ ವಯಸ್ಸು, ಗಂಡೋ ಹೆಣ್ಣೋ, ಬಣ್ಣ. ಗುಲಾಮರ ಹೆಸರು ಬರೆಯಬೇಕಾಗಿರಲಿಲ್ಲ. "30, ಹೆಣ್ಣು" ಅಂತ ಒಂದು ಸಾಲು, ಅದರ ಕೆಳಗೆ "2, ಗಂಡು" ಅಂತ ಇನ್ನೊಂದು ಸಾಲು ಇದ್ದರೆ, ತಾಯಿ ಮಗು ಅಂತ ಬರೆಯಲು ಕೈ ತುಡಿಯುತ್ತದೆ. ಬರೆಯಬೇಡಿ. ಆ ಮಗುವಿನ ತಾಯಿಯನ್ನು ಹೋದ ವರ್ಷವೇ ಮಾರಿರಬಹುದು. ನಾವು ಒಳ್ಳೆಯ ಮನಸ್ಸಿನಿಂದ ಒಂದು ಸಂಸಾರ ಕಟ್ಟಿಕೊಟ್ಟರೆ, ಒಡೆದ ಸಂಸಾರವನ್ನು ನಾವೇ ಮುಚ್ಚಿಟ್ಟ ಹಾಗೆ. "ಇಲ್ಲಿ ಹೆಸರು ಬರೆದಿಲ್ಲ, ಸಂಬಂಧ ಬರೆದಿಲ್ಲ" ಅಂತ ಬರೆಯಿರಿ. ಅದೇ ದೊಡ್ಡ ವಿಷಯ.

ಮಳವಳ್ಳಿ ತಾಲ್ಲೂಕಿನ ಓದುಗರು: ಮೇಡಂ, ಹಳೇ ಮನೆ ಕೆಡವುವಾಗ ನಮ್ಮ ತಾತನ ಲೆಕ್ಕದ ಪುಸ್ತಕ ಸಿಕ್ಕಿತು. 1960ರ ದಶಕದ್ದು. ನಮ್ಮ ಮನೆಯಲ್ಲಿ ಜೀತಕ್ಕಿದ್ದವರ ಲೆಕ್ಕ ಅದರಲ್ಲಿದೆ. ಎರಡು ಪುಟದ ಫೋಟೊ ಕಳಿಸಿದ್ದೇನೆ. ತಾತ ಊರಿಗೆ ಬಾವಿ ತೋಡಿಸಿದವರು, ಸ್ಕೂಲಿಗೆ ಜಾಗ ಕೊಟ್ಟವರು. ನಮ್ಮಪ್ಪ "ಅದನ್ನ ಒಲೆಗಾಕು, ಆ ಕಾಲ ಹಂಗಿತ್ತು" ಅಂತಾರೆ. ನನಗೆ ಮನಸ್ಸು ಬರುತ್ತಿಲ್ಲ. ಏನು ಮಾಡಲಿ?

ಒಲೆಗೆ ಹಾಕಬೇಡಿ. ಅದು ನಿಮ್ಮ ತಾತನ ಪುಸ್ತಕ ಹೌದು. ಆದರೆ ಅದರಲ್ಲಿ ಹೆಸರಿರುವವರ ದುಡಿಮೆಗೆ ಉಳಿದಿರುವ ಒಂದೇ ಬರಹ ಅದಾಗಿರಬಹುದು. ಅದನ್ನು ಸುಡುವ ಅಧಿಕಾರ ನಿಮ್ಮ ಮನೆಯವರಿಗಷ್ಟೇ ಸೇರಿದ್ದಲ್ಲ.

ಫೋಟೊಗಳನ್ನು ದೊಡ್ಡದು ಮಾಡಿ ಎಷ್ಟೋ ಹೊತ್ತು ನೋಡಿದೆ. ನಿಮ್ಮ ತಾತನ ಅಕ್ಷರ ದುಂಡಗಿದೆ, ಓದಲು ಕಷ್ಟವಿಲ್ಲ. ಒಬ್ಬನ ಹೆಸರಿನ ಕೆಳಗೆ ಒಂದು ವರ್ಷದ ಲೆಕ್ಕ ಹೀಗಿದೆ. "ತಂಗಿ ಮದುವೆಗೆ ಕೊಟ್ಟಿದ್ದು 150 ರೂ. ಕಂಬಳಿ 1ಕ್ಕೆ 12 ರೂ. ಜ್ವರ, 4 ದಿನ ಬಂದಿಲ್ಲ, 6 ರೂ. ಓಡಿಹೋಗಿದ್ದ, ಕರ್ಕಂಡು ಬಂದ ಖರ್ಚು 3 ರೂ." ಯುಗಾದಿಗೆ ಬಾಕಿ ಕೂಡಿದ್ದಾರೆ. 171 ರೂಪಾಯಿ.

ಒಂದೊಂದೇ ಸಾಲು ಓದೋಣ. ಸಾಲ ತಂದದ್ದು ತಂಗಿಯ ಮದುವೆಗೆ. ಅಂದರೆ ಇವನು ಅಣ್ಣ. ಮನೆಯ ಭಾರ ಹೊತ್ತವನು. ಕಂಬಳಿ ಕೊಟ್ಟಿದ್ದಾರೆ, ಆದರೆ ಅದರ ಬೆಲೆ ಸಾಲಕ್ಕೆ ಸೇರಿದೆ. ಓಡಿಹೋದಾಗ ಹಿಡಿದು ತಂದ ಖರ್ಚನ್ನೂ ಅವನೇ ಕೊಡಬೇಕು.

ಜ್ವರದ ಸಾಲು ಓದಿದಾಗ ನಾನು ಕುರ್ಚಿಯಿಂದ ಎದ್ದುಬಿಟ್ಟೆ. 4 ದಿನಕ್ಕೆ 6 ರೂಪಾಯಿ. ದಿನಕ್ಕೆ ಒಂದೂವರೆ. ಅವನು ಬಾರದ ದಿನದ ಬೆಲೆ ಎಷ್ಟು ಅಂತ ನಿಮ್ಮ ತಾತನೇ ಬರೆದಿಟ್ಟಿದ್ದಾರೆ. ಬಂದ ದಿನದ ಬೆಲೆ ಎಲ್ಲಿದೆ? ಆ ಪುಟದಲ್ಲಿ ಎಲ್ಲೂ ಇಲ್ಲ. ಅದೇ ದರದಲ್ಲಿ ಕೂಲಿ ಹಿಡಿದರೆ, 150 ರೂಪಾಯಿ ಸಾಲ 100 ದಿನಕ್ಕೆ ತೀರುತ್ತಿತ್ತು. ಇವನು ಇಡೀ ವರ್ಷ ದುಡಿದಿದ್ದಾನೆ. ಸಾಲ 21 ರೂಪಾಯಿ ಬೆಳೆದಿದೆ.

ಊಟ ಹಾಕಿದ್ದೆವಲ್ಲ ಅಂತ ನಿಮ್ಮಪ್ಪನವರು ಕೇಳಬಹುದು. ಕೇಳಲಿ. ಇದೇ ಲೆಕ್ಕವನ್ನು 1865ರಲ್ಲಿ ಒಬ್ಬರು ಹಾಕಿದ್ದಾರೆ. ಅಮೆರಿಕದಲ್ಲಿ ಗುಲಾಮಗಿರಿ ಮುಗಿದ ವರ್ಷ. ಟೆನೆಸಿಯ ಒಬ್ಬ ಒಡೆಯ, ವಾಪಸ್ ಬಂದು ಕೆಲಸ ಮಾಡು ಅಂತ ಜೋರ್ಡನ್ ಆಂಡರ್ಸನ್ ಎಂಬ ತನ್ನ ಹಳೆಯ ಗುಲಾಮನಿಗೆ ಕಾಗದ ಬರೆದ. ಜೋರ್ಡನ್ ಆಗ ಒಹಾಯೊ ರಾಜ್ಯದ ಡೇಟನ್ನಿನಲ್ಲಿದ್ದ. ಬರೆಯಲು ಬಾರದವನು, ಹೇಳಿ ಬರೆಸಿದ. ನಾನು 32 ವರ್ಷ ದುಡಿದಿದ್ದೇನೆ, ತಿಂಗಳಿಗೆ 25 ಡಾಲರ್. ಹೆಂಡತಿ ಮ್ಯಾಂಡಿ 20 ವರ್ಷ, ವಾರಕ್ಕೆ 2 ಡಾಲರ್. ಒಟ್ಟು 11,680 ಡಾಲರ್. ನೀವು ಕೊಟ್ಟ ಬಟ್ಟೆ, ನನಗೆ ಡಾಕ್ಟರ್ ಮೂರು ಸಲ ಬಂದದ್ದು, ಮ್ಯಾಂಡಿಯ ಒಂದು ಹಲ್ಲು ಕೀಳಿಸಿದ್ದು, ಅದನ್ನೆಲ್ಲ ಕಳೆದು ಉಳಿದದ್ದು ಕಳಿಸಿ. ಜೊತೆಗೆ ಇನ್ನೊಂದನ್ನೂ ಕೇಳಿದ. ನನ್ನ ಹೆಣ್ಣುಮಕ್ಕಳು ಬೆಳೆದಿದ್ದಾರೆ, ಅಲ್ಲಿ ಅವರ ಮಾನಕ್ಕೆ ಏನು ಭದ್ರತೆ?

ಓದುಬರಹ ಇಲ್ಲದ ಆ ಮನುಷ್ಯ 32 ವರ್ಷದ ಲೆಕ್ಕವನ್ನು ತಲೆಯಲ್ಲಿಟ್ಟುಕೊಂಡಿದ್ದ. ನಿಮ್ಮ ಪುಸ್ತಕದಲ್ಲಿರುವವನೂ ಇಟ್ಟುಕೊಂಡಿರಲಿಲ್ಲ ಅಂತ ಹೇಳುವವರು ಯಾರು? ಅವನ ಲೆಕ್ಕ ಬರೆದುಕೊಳ್ಳಲು ಯಾರೂ ಕೂರಲಿಲ್ಲ ಅಷ್ಟೆ.

ಅವನು ಓಡಿಹೋದ ಮಾತು ನೀವು ಕಳಿಸಿದ ಎರಡು ಪುಟದಲ್ಲೂ ಬರುತ್ತದೆ. ಎರಡು ಸಲವೂ ಏಪ್ರಿಲ್. ಅದು ಊರಹಬ್ಬಗಳ ಕಾಲ. ಹಬ್ಬಕ್ಕೆ ಅವ್ವನ ಮುಖ ನೋಡಲು ಹೋಗಿರಬಹುದು. ಯುಗಾದಿಗೆ ಬಾಕಿ ಎಷ್ಟು ಅಂತ ಕೇಳಿ, ಎದೆ ಒಡೆದು ಹೋಗಿರಬಹುದು. ಎರಡನ್ನೂ ಬರೆದಿಡಿ. ಒಂದನ್ನು ಆರಿಸಿ ಕಥೆ ಮಾಡಬೇಡಿ. ಗೊತ್ತಿರುವುದು ಇಷ್ಟು. ಎರಡು ಸಲ ಹೋದ. ಒಂದು ಸಲ ಹಿಡಿದು ತಂದ ಮೇಲೂ ಮತ್ತೆ ಹೋದ.

"ಆ ಕಾಲ ಹಂಗಿತ್ತು" ಅನ್ನುವ ನಿಮ್ಮಪ್ಪನವರ ಮಾತಿಗೆ ನನ್ನ ಉತ್ತರವೂ ಅದರಲ್ಲೇ ಇದೆ. ಓಡಿಹೋದವನೂ ಅದೇ ಕಾಲದವನು. ಇದು ಸರಿಯಲ್ಲ ಅಂತ ಅವನಿಗೆ ಆಗಲೇ ಗೊತ್ತಿತ್ತು.

ತಾತ ಬಾವಿ ತೋಡಿಸಿದ್ದು ನಿಜ, ಅದನ್ನು ಯಾರೂ ಅಳಿಸಬೇಕಾಗಿಲ್ಲ. ನೀವು ತಾತನನ್ನು ಪ್ರೀತಿಸುವುದನ್ನೂ ಬಿಡಬೇಕಾಗಿಲ್ಲ. ಆದರೆ ಬಾವಿ ತೋಡಿದ ಕೈ ಯಾರದು ಅಂತ ಅದೇ ಪುಸ್ತಕದಲ್ಲಿ ಹುಡುಕಿ. ಆ ಬಾವಿಯ ನೀರು ಸೇದಲು ಅವನಿಗೆ ಬಿಡುತ್ತಿದ್ದರಾ ಅಂತ ನಿಮ್ಮಪ್ಪನವರನ್ನು ಸಮಾಧಾನವಾಗಿ ಕೇಳಿ. ಅವರು ಆಗ ಹುಡುಗ. ನೋಡಿರುತ್ತಾರೆ. ಅವರ ನೆನಪೂ ಒಂದು ಮೂಲ ದಾಖಲೆಯೇ. ಜಗಳ ಆಡಿದರೆ ಅದು ಮುಚ್ಚಿಹೋಗುತ್ತದೆ.

ಈಗ ಮಾಡಬೇಕಾದ ಕೆಲಸ. ಹಗಲು ಬೆಳಕಿನಲ್ಲಿ ಪ್ರತಿ ಪುಟದ ಫೋಟೊ ತೆಗೆಯಿರಿ, ಖಾಲಿ ಪುಟವನ್ನೂ ಸೇರಿಸಿ. ಎಲ್ಲಿ ಸಿಕ್ಕಿತು, ಯಾರ ಕೈಬರಹ, ಯಾವ ಪೆಟ್ಟಿಗೆಯಲ್ಲಿತ್ತು ಅಂತ ಒಂದು ಹಾಳೆಯಲ್ಲಿ ಬರೆದು ಜೊತೆಗಿಡಿ. ಹರಿದ ಕಡೆ ಅಂಟು ಟೇಪು ಹಾಕಬೇಡಿ, ಲ್ಯಾಮಿನೇಷನ್ ಅಂತೂ ಬೇಡವೇ ಬೇಡ. ಒಣಗಿದ ಹತ್ತಿ ಬಟ್ಟೆಯಲ್ಲಿ ಸುತ್ತಿಡಿ. ಫೇಸ್‌ಬುಕ್ಕಿಗೆ, ಊರಿನ ವಾಟ್ಸಾಪ್ ಗುಂಪಿಗೆ ಹಾಕಬೇಡಿ. ಆ ಹೆಸರುಗಳ ಮಕ್ಕಳು, ಮೊಮ್ಮಕ್ಕಳು ಅದೇ ಊರಲ್ಲಿದ್ದಾರೆ. ಅವರಿಗೆ ಗೊತ್ತಾಗುವ ಮೊದಲು ಊರಿಗೆ ಗೊತ್ತಾಗಬಾರದು. ಅವರ ಮನೆಗೆ ಹೋಗಿ, ಇಂಥದ್ದೊಂದಿದೆ, ನೋಡುತ್ತೀರಾ ಅಂತ ಕೇಳಿ. ಪ್ರತಿ ಕೊಡಿ. ಬೇಡ ಅಂದರೆ ಒತ್ತಾಯ ಮಾಡಬೇಡಿ. ಅವರು ಒಪ್ಪಿದರೆ ಆಮೇಲೆ ಮೈಸೂರಿನ ವಿಶ್ವವಿದ್ಯಾಲಯಕ್ಕೋ ರಾಜ್ಯ ಪತ್ರಾಗಾರ ಇಲಾಖೆಗೋ ಕೊಡುವ ಮಾತು.

ಅವರ ಮನೆಗೆ ಹೋಗುವಾಗ ಒಂದು ವಿಷಯ ತಿಳಿದುಕೊಂಡು ಹೋಗಿ. 1976ರ ಜೀತ ಪದ್ಧತಿ ರದ್ದತಿ ಕಾಯ್ದೆ 1975ರ ಅಕ್ಟೋಬರ್ 25ರಿಂದಲೇ ಅನ್ವಯವಾಯಿತು. ಜೀತದ ಸಾಲವೆಲ್ಲ ಅಂದಿಗೇ ರದ್ದಾಯಿತು. ಆ 171 ರೂಪಾಯಿ ಯಾರೂ ಯಾರಿಗೂ ಕೊಡಬೇಕಾಗಿಲ್ಲ. ಹಾಗಂತ ಕಾನೂನು ಬಂದ ದಿನವೇ ಎಲ್ಲ ಮುಗಿಯಿತು ಅಂತಲೂ ತಿಳಿಯಬೇಡಿ. 2000ನೇ ಇಸವಿಯಲ್ಲಿ ಇದೇ ಮಂಡ್ಯ ಜಿಲ್ಲೆಯ ಹಂಗರಹಳ್ಳಿಯ ಕಲ್ಲುಕ್ವಾರಿಯಲ್ಲಿ ಕಾಲಿಗೆ ಸರಪಳಿ ಹಾಕಿದ್ದ ಜೀತದಾಳುಗಳು ಸಿಕ್ಕಿದ್ದರು.

ಮೈಸೂರು ಕುವೆಂಪುನಗರದ ನಿವೃತ್ತ ನೌಕರರು: ನಮ್ಮ ದೇಶದಲ್ಲಿ ಅಮೆರಿಕದಂಥ ಗುಲಾಮಗಿರಿ ಇರಲಿಲ್ಲವಲ್ಲ. ಜೀತವನ್ನೂ ಅದನ್ನೂ ಒಂದೇ ತಕ್ಕಡಿಗೆ ಹಾಕುವುದು ಸರಿಯೇ?

ಒಂದೇ ಅಲ್ಲ, ನಿಜ. ಅಟ್ಲಾಂಟಿಕ್ ಸಾಗರ ದಾಟಿಸಲು ಹಡಗು ಹತ್ತಿಸಿದ ಆಫ್ರಿಕನ್ನರು ಸುಮಾರು 1.25 ಕೋಟಿ. ಆಚೆ ದಡದಲ್ಲಿ ಜೀವಂತ ಇಳಿದವರು ಸುಮಾರು 1.07 ಕೋಟಿ. ಅಲ್ಲಿ ಮಗು ಹುಟ್ಟಿದ ಗಳಿಗೆಯಿಂದಲೇ ಒಡೆಯನ ಆಸ್ತಿ. ಜೀತದಲ್ಲಿ ಸಾಲ ಅನ್ನುವ ಒಂದು ಬಾಗಿಲಿತ್ತು, ಕಾಗದದ ಮೇಲಾದರೂ. ಹಿಂದೆ ಜಾತಿ ಇತ್ತು. ಈ ವ್ಯತ್ಯಾಸಗಳನ್ನು ಬಿಟ್ಟುಕೊಟ್ಟರೆ ಇಬ್ಬರಿಗೂ ಅನ್ಯಾಯ.

ಆದರೆ "ನಮ್ಮಲ್ಲಿ ಇರಲಿಲ್ಲ" ಅನ್ನುವುದು ಸುಳ್ಳು. ಟಿಪ್ಪು ಸತ್ತ ಮರುವರ್ಷ, 1800ರಲ್ಲಿ, ಫ್ರಾನ್ಸಿಸ್ ಬುಕಾನನ್ ಎಂಬ ಡಾಕ್ಟರ್ ಮದರಾಸಿನಿಂದ ಹೊರಟು ಶ್ರೀರಂಗಪಟ್ಟಣ, ಮೈಸೂರು ಸೀಮೆ, ಮಲಬಾರ್, ಕೆನರಾ ಸುತ್ತಿದ. ಮಲಬಾರಿನಲ್ಲಿ ಹೊಲದಲ್ಲಿ ದುಡಿಯುವ ಗುಲಾಮರನ್ನು ಮಾರುತ್ತಿದ್ದರು, ಅಡವಿಡುತ್ತಿದ್ದರು, ಬಾಡಿಗೆಗೂ ಕೊಡುತ್ತಿದ್ದರು ಅಂತ ಬರೆದಿದ್ದಾನೆ. ಬಾಡಿಗೆ ಗಂಡಸಿಗೆ ವರ್ಷಕ್ಕೆ 8 ಪಣ (ಆಗಿನ ಒಂದು ನಾಣ್ಯ), ಹೆಂಗಸಿಗೆ ಅದರ ಅರ್ಧ. ಬಾಡಿಗೆಗೆ ಪಡೆದವನು ಕೆಲಸ ಹೆಚ್ಚು ತೆಗೆದು ಊಟ ಕಡಿಮೆ ಹಾಕುತ್ತಾನೆ, ಆದ್ದರಿಂದ ಇದು ಹೇಯ ಅಂತಲೂ ಸೇರಿಸಿದ್ದಾನೆ. ಅವನ ಬರಹವನ್ನೂ ಎಚ್ಚರದಿಂದಲೇ ಓದಬೇಕು. ಈ ನಾಡಿನ ಬೇಸಾಯ, ಕಸುಬು, ವ್ಯಾಪಾರ ಹೇಗಿದೆ ಅಂತ ತಿಳಿಯಲು ಕಂಪನಿ ಸರ್ಕಾರ ಕಳಿಸಿದ ಮನುಷ್ಯ ಅವನು. ಆದರೂ ಬೆಲೆಪಟ್ಟಿ ಇದೆ. ಮನುಷ್ಯರ ಬಾಡಿಗೆ ದರ ಗೊತ್ತಿದ್ದ ನಾಡಿನಲ್ಲಿ ಗುಲಾಮಗಿರಿ ಇರಲಿಲ್ಲ ಅನ್ನುವುದು ಹೇಗೆ? ಕಂಪನಿ ಆಡಳಿತದ ಪ್ರದೇಶದ ಕೋರ್ಟುಗಳು ಗುಲಾಮರ ಮೇಲೆ ಯಾರ ಹಕ್ಕನ್ನೂ ಒಪ್ಪಬಾರದು ಅನ್ನುವ ಕಾನೂನು 1843ರಲ್ಲಿ ಬಂತು. ಇಲ್ಲದ್ದಕ್ಕೆ ಕಾನೂನು ಯಾರೂ ಮಾಡುವುದಿಲ್ಲ.

ನಂಜನಗೂಡಿನ ಓದುಗರು: ಇಂಥ ದಾಖಲೆ ಓದಿದ ರಾತ್ರಿ ನಿದ್ದೆ ಬರುವುದಿಲ್ಲ. ಏನು ಮಾಡಬೇಕು?

ರಾತ್ರಿ ಓದಬೇಡಿ. ಬೆಳಿಗ್ಗೆ, ಸ್ವಲ್ಪ ಸ್ವಲ್ಪವೇ ಓದಿ. ಮನೆಯಲ್ಲಿ ಒಬ್ಬರ ಹತ್ತಿರ ಮಾತಾಡಿ. ನಿದ್ದೆಗೆಟ್ಟರೆ ಜಾಸ್ತಿ ಅರ್ಥವಾಗುತ್ತದೆ ಅಂತೇನೂ ಇಲ್ಲ.

ಮಂಡ್ಯದ ಬಿ.ಎ. ವಿದ್ಯಾರ್ಥಿನಿ: ನಮ್ಮಜ್ಜಿ ಚಿಕ್ಕವರಿದ್ದಾಗ ಗೌಡರ ಮನೆಯಲ್ಲಿ ಜೀತಕ್ಕಿದ್ದರಂತೆ. ಪ್ರಾಜೆಕ್ಟಿಗೆ ಕೇಳಿದರೆ "ಅವರು ಒಳ್ಳೇರು ಕಣವ್ವ, ಹೊಟ್ಟೆ ತುಂಬಾ ಹಿಟ್ಟು ಹಾಕೋರು" ಅಂತಾರೆ, ಅಷ್ಟೇ. ಅದನ್ನೇ ಬರೆಯಲಾ?

ಬರಿಯಮ್ಮ. ಅಜ್ಜಿ ಹೇಳಿದ ಹಾಗೇ ಬರಿ. ಆದರೆ ಅಲ್ಲಿಗೇ ನಿಲ್ಲಿಸಬೇಡ. ಯಾರು ಕೇಳಿದರು, ಎಲ್ಲಿ ಕೂತು ಕೇಳಿದರು, ಆಗ ಪಕ್ಕದಲ್ಲಿ ಯಾರಿದ್ದರು ಅಂತಲೂ ಬರಿ.

1936ರಿಂದ 1938ರವರೆಗೆ ಅಮೆರಿಕ ಸರ್ಕಾರ ಒಂದು ದೊಡ್ಡ ಕೆಲಸ ಮಾಡಿಸಿತು. ಗುಲಾಮರಾಗಿ ಹುಟ್ಟಿ ಇನ್ನೂ ಬದುಕಿದ್ದ 2,300ಕ್ಕೂ ಹೆಚ್ಚು ಮುದುಕ ಮುದುಕಿಯರ ಮಾತು ಬರೆಸಿತು. ಅದರಲ್ಲಿ ಚಾರ್ಲ್‌ಸ್ಟನ್ ನಗರದ ಸೂಸನ್ ಹ್ಯಾಮ್ಲಿನ್ ಅನ್ನುವ ಅಜ್ಜಿಯನ್ನು ಇಬ್ಬರು ಬೇರೆ ಬೇರೆಯಾಗಿ ಮಾತಾಡಿಸಿದರು. ಒಬ್ಬರು ಬಿಳಿಯ ಹೆಂಗಸು. ಸರ್ಕಾರದ ಸಹಾಯಧನದ ಆಫೀಸಿನವರು ಬಂದಿದ್ದಾರೆ ಅಂದುಕೊಂಡ ಅಜ್ಜಿ, ನಮ್ಮ ಒಡೆಯ ಒಳ್ಳೆಯವನು ಅಂದರು. ಇನ್ನೊಬ್ಬರು ಕಪ್ಪು ಜನಾಂಗದವರು. ಅವರ ಮುಂದೆ ಅದೇ ಅಜ್ಜಿ ಹೊಡೆತದ ಬಗ್ಗೆ, ಮಕ್ಕಳನ್ನು ಮಾರಿದಾಗ ತಾಯಂದಿರು ಗೋಳಾಡಿದ್ದರ ಬಗ್ಗೆ ಹೇಳಿದರು. ಬಿಳಿಯ ಹೆಂಗಸಿಗೆ ಹೇಳಿದ ಮಾತು ಸುಳ್ಳು ಅಂತ ಎಸೆಯುವ ಹಾಗಿಲ್ಲ. ಬಡತನದ ಕಾಲದಲ್ಲಿ, ಅಧಿಕಾರ ಇರುವವರ ಮುಂದೆ ಒಬ್ಬ ಮುದುಕಿ ಎಷ್ಟು ಹುಷಾರಾಗಿ ಮಾತಾಡಬೇಕಿತ್ತು ಅನ್ನುವುದಕ್ಕೆ ಅದೇ ಸಾಕ್ಷಿ.

ನಿಮ್ಮಜ್ಜಿಗೂ ಆ ಹುಷಾರು ಇರಬಹುದು. ಗೌಡರ ಮನೆಯವರು ಇವತ್ತಿಗೂ ಎದುರು ಸಿಗುತ್ತಾರೆ, ಅಲ್ವಾ? ಅಥವಾ ಹಿಟ್ಟು ಹೊಟ್ಟೆ ತುಂಬಾ ಸಿಕ್ಕಿದ್ದೇ ಆ ವಯಸ್ಸಿನ ದೊಡ್ಡ ನೆನಪಾಗಿರಬಹುದು. ಹಸಿದ ಮಗುವಿಗೆ ಅದು ಸಣ್ಣ ವಿಷಯ ಅಲ್ಲ. ಅಜ್ಜಿಯ ಬಾಯಿಂದ ನೋವಿನ ಮಾತು ಹೊರಡಿಸಲೇಬೇಕು ಅಂತ ಹಟ ಮಾಡಬೇಡ.

ನನ್ನ ಸೋದರಮಾವ ಹುಡುಗನಾಗಿದ್ದಾಗ ದನ ಕಾಯುವ ಜೀತಕ್ಕಿದ್ದವರು. "ಕಷ್ಟ ಆಯ್ತಾ ಮಾವ?" ಅಂತ ಯಾರು ಕೇಳಿದರೂ ಎದ್ದು ಹೋಗುತ್ತಿದ್ದರು. ಆದರೆ ಎತ್ತುಗಳ ಹೆಸರು ಕೇಳಿದರೆ ಕೂತು ಹೇಳೋರು. ಯಾವುದು ಹಾಯುತ್ತಿತ್ತು, ಯಾವುದು ಕೂಗಿದರೆ ಬರುತ್ತಿತ್ತು, ಎಲ್ಲ. ಆ ಮಾತಿನ ನಡುವೆಯೇ ಒಂದು ದಿನ, ಮಳೆಗಾಲದಲ್ಲಿ ಕೊಟ್ಟಿಗೆಯಲ್ಲಿ ಯಾವ ಎತ್ತಿನ ಹೊಟ್ಟೆಗೆ ಒರಗಿ ಮಲಗಿದರೆ ಬೆಚ್ಚಗಿರುತ್ತಿತ್ತು ಅಂತಲೂ ಹೇಳಿದರು. ಹಾಗಾಗಿ ಕೆಲಸದ ಬಗ್ಗೆ ಕೇಳು. ಎಷ್ಟು ಹೊತ್ತಿಗೆ ಏಳುತ್ತಿದ್ದೆ ಅಜ್ಜಿ, ಮೊದಲು ಏನು ಮಾಡುತ್ತಿದ್ದೆ, ಎಲ್ಲಿ ಮಲಗುತ್ತಿದ್ದೆ, ಜೊತೆಗೆ ಯಾರಿದ್ದರು, ಹಬ್ಬಕ್ಕೆ ಮನೆಗೆ ಕಳಿಸುತ್ತಿದ್ದರಾ. ಒಂದೇ ಸಲ ಎಲ್ಲ ಬೇಡ. ಅವರೆಕಾಯಿ ಸುಲಿಯುವಾಗ, ಅಕ್ಕಿ ಆರಿಸುವಾಗ ಪಕ್ಕದಲ್ಲಿ ಕೂತುಕೋ.

ಫೋನಿನಲ್ಲಿ ರೆಕಾರ್ಡ್ ಮಾಡುವ ಮೊದಲು ಕೇಳು. ಬೇಡ ಅಂದರೆ ಬೇಡ. ಬರೆದಾದ ಮೇಲೆ ಅಜ್ಜಿಗೇ ಪೂರ್ತಿ ಓದಿ ಹೇಳು. ತಪ್ಪಿದ್ದರೆ ಅವರೇ ತಿದ್ದುತ್ತಾರೆ. ಇದನ್ನು ತೆಗಿ ಅಂದರೆ ಆ ಸಾಲು ತೆಗೆ, ಪ್ರಾಜೆಕ್ಟಿಗೆ ಎಷ್ಟೇ ಬೇಕಿದ್ದರೂ. ಪುಟ ಕಡಿಮೆಯಾಯಿತು ಅಂತ ಮಾರ್ಕ್ಸ್ ಕಳೆದರೆ, ನಿಮ್ಮ ಮೇಷ್ಟ್ರಿಗೆ ಈ ಅಂಕಣ ತೋರಿಸು.